ತೊಟ್ಟಿಲಿನ ಸಾವ್ಕಾರನಿಗೆ ದನಿ ಕೊಟ್ಟ ಹನ್ನೊಂದು ವರ್ಷ

ನಾನು ಮೂವತ್ತಕ್ಕೇ ನಿವೃತ್ತನಾದವನು. ಸರಕಾರಿ ನೌಕರರು ಅರವತ್ತಕ್ಕೆ ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು, ಫೋಟೊಗೆ ಅಳುಮುಖ ಮಾಡಿ ಮನೆಗೆ ಹೋಗುತ್ತಾರೆ. ನನಗೆ ಶಾಲು ಸಿಗಲಿಲ್ಲ, ಬುಟ್ಟಿ ಸಿಗಲಿಲ್ಲ, ಮೊಣಕಾಲು ನೋವು ಕೂಡ ಇನ್ನೂ ಬಂದಿಲ್ಲ. ಆದರೆ ಮರುದಿನ ಬೆಳಿಗ್ಗೆ ಎದ್ದು ಅಂಗಿ ತೊಟ್ಟು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಂಗಳದಲ್ಲಿ ನಿಲ್ಲುತ್ತಾರಲ್ಲ, ಆ ಭಾಗ್ಯ ನನಗೂ ಬಂತು. ಅವ್ವ ನೋಡಿ, "ರಿಟೈರ್ಡ್ ಸಾಹೇಬ್ರ, ಸುಮ್ಮನ ನಿಂತೀರಂದ್ರ ಈ ಕೊಡ ಹಿಡೀರಿ," ಎಂದಳು. ಹಿಡಿದೆ.

ಇದನ್ನು ಬರೆಯಲು ಕಾರಣ ಇಬ್ಬರು ಹುಡುಗಿಯರು. ಸೇಡಂ ರಸ್ತೆಯಲ್ಲಿ ಹೊಸದೊಂದು ಪಾರ್ಕು ಏಳುತ್ತಿದೆ. ನಾನು ಹನ್ನೊಂದು ವರ್ಷ ಮಾಡಿದಂತೆ ಅಲ್ಲಿ ಮೈಕು ಹಿಡಿದು ಮಂದಿ ಕರೆಯುವ ಕೆಲಸಕ್ಕೆ ಸೇರಿದ ಅವರು ಭಂಕೂರಿನ ನಮ್ಮ ಮನೆ ಹುಡುಕಿಕೊಂಡು ಬಂದರು. "ಶರಣಣ್ಣಾ, ಈ ಕೆಲಸ ಖರೇನ ಹ್ಯಾಂಗಿರ್ತದ, ಹೇಳ್ರಿ," ಎಂದರು. ಮೊದಲು ನನ್ನ ಹಳೆಯ ಮ್ಯಾನೇಜರನ ದನಿಯಲ್ಲಿ ಉತ್ತರ ಕೊಟ್ಟೆ. ನಕ್ಕರು. ಆಮೇಲೆ ರೈಲ್ವೆ ಸ್ಟೇಷನ್ನಿನ ದನಿಯಲ್ಲಿ ಕೊಟ್ಟೆ. ಇನ್ನೂ ನಕ್ಕರು. ಕೊನೆಗೆ ಒಬ್ಬಳು, "ಇವೆಲ್ಲಾ ಛಂದ ಅವ. ನೀವೇನಂತೀರಿ?" ಎಂದಳು. ಅದಕ್ಕೆ ಉತ್ತರವನ್ನು ಈಗ ಕಾಗದದ ಮೇಲೆ ಹುಡುಕುತ್ತಿದ್ದೇನೆ.

ನಮ್ಮ ಪಾರ್ಕು ಇದ್ದದ್ದು ಶಹಾಬಾದಿನ ಹೊರಗೆ, ಕಲ್ಲು ತೆಗೆದು ಬಿಟ್ಟುಹೋದ ಒಂದು ಖಣಿಯಲ್ಲಿ. ಸುತ್ತಲೂ ಫರಸಿ ಕಲ್ಲಿನ ಗೋಡೆ. ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಪದರ ಪದರ. ತಳದಲ್ಲಿ ಯಾವ ಕಾಲದ ಮಳೆಯದೋ ಹಸಿರು ನೀರು. ಆ ನೀರಿನ ಅಂಚಿಗೆ ಕಟ್ಟೆ ಕಟ್ಟಿ ತೊಟ್ಟಿಲು ನಿಲ್ಲಿಸಿದ್ದರು. ಅದಕ್ಕೆ ಪೇಟೆಯವರು ಜೈಂಟ್ ವೀಲ್ ಎನ್ನುತ್ತಾರೆ. ನಮ್ಮ ಕಡೆ ತೊಟ್ಟಿಲು, ಅದರ ಒಂದೊಂದು ಆಸನಕ್ಕೆ ಡಬ್ಬಿ. ಹನ್ನೆರಡು ಡಬ್ಬಿಯ ತೊಟ್ಟಿಲು. ಅದು ತಿರುಗಿದರೆ ನೀರಿನೊಳಗೆ ಇನ್ನೊಂದು ತೊಟ್ಟಿಲು ತಿರುಗುತ್ತಿತ್ತು. ಮೇಲೆ ಏರುವ ಮಂದಿ ಅಲ್ಲಿ ಆಳಕ್ಕೆ ಇಳಿಯುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ನನಗೆ ಎಷ್ಟೋ ಸಲ ಯಾವುದು ನಿಜದ್ದು, ಯಾವುದು ನೀರಿನದ್ದು ಎಂಬ ಭ್ರಮೆ ಆಗುತ್ತಿತ್ತು. ತುದಿಯ ಡಬ್ಬಿಯಲ್ಲಿ ಕೂತವರಿಗೆ ವಾಡಿಯ ಚಿಮಣಿಗಳು, ಹಳಿಗಳ ಗಂಟು, ತೊಗರಿ ಹೊಲ, ದಂಡೋತಿಯ ದಿಕ್ಕಿಗೆ ಕಾಗಿಣಾ ನದಿಯ ಒಂದು ಬೆಳ್ಳಿ ಗೆರೆ ಕಾಣುತ್ತಿದ್ದವು. ಎಲ್ಲದರ ಮೇಲೂ ಸಿಮೆಂಟಿನ ಬಿಳಿ ಧೂಳು ಹಾಲಿನ ಕೆನೆಯಂತೆ ತೇಲುತ್ತಿರುತ್ತಿತ್ತು.

ಹೊಸಬರು ಮೊದಲು ತಿಳಿಯಬೇಕಾದದ್ದು, ಪಾರ್ಕು ಎಂಬುದು ಒಬ್ಬರದಲ್ಲ. ನೆಲ ಶಹಾಬಾದಿನ ಅಣ್ಣತಮ್ಮರಿಬ್ಬರದು, ಅವರಿಬ್ಬರಿಗೂ ಮಾತಿಲ್ಲ. ಆಟದ ರೈಲು ವಾಡಿಯ ಒಬ್ಬ ದರ್ಜಿಯದು. ದೋಣಿಗಳು ದಂಡೋತಿಯವರವು. ತೊಟ್ಟಿಲು ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯ ನರಸಿಮ್ಲು ಎಂಬವನದು. ನೀರು ಯಾರದೂ ಅಲ್ಲ. ಬೋರ್ಡಿನ ಮೇಲಿನ ಹೆಸರು ಪೇಂಟರನ ಮಗಳದು. ಏನು ಬರೆಯಬೇಕೆಂದು ಯಾರೂ ಹೇಳದ್ದಕ್ಕೆ ಅವನು ಅದನ್ನೇ ಬರೆದು ಹೋಗಿದ್ದ.

ಇವರೆಲ್ಲರ ನಡುವೆ ನಮ್ಮ ಮ್ಯಾನೇಜರ್ ಬಸಲಿಂಗಪ್ಪ. ಹಣೆತುಂಬ ವಿಭೂತಿ, ಕಿಸೆತುಂಬ ಚೀಟಿ. ಏನು ಕೇಳಿದರೂ "ಮಾಲಕರನ್ನ ಕೇಳಿ ಹೇಳ್ತೀನ್ರಿ" ಎನ್ನುವರು. ಯಾವ ಮಾಲಕರು ಎಂದು ಮಾತ್ರ ಎಂದೂ ಹೇಳಿದವರಲ್ಲ.

ನಾನು ಸೇರಿದ ವಾರವೇ ತೊಟ್ಟಿಲು ಎರಡು ಲಾರಿಯಲ್ಲಿ ಬಂತು. ಅದನ್ನು ನಿಲ್ಲಿಸಲು ಹಿಡಿದದ್ದು ನಾಲ್ಕು ದಿನ. ನರಸಿಮ್ಲು ತಲೆಗೆ ಟವೆಲ್ ಸುತ್ತಿ, ಬಕೀಟು ಬೋರಲು ಹಾಕಿ ಅದರ ಮೇಲೆ ಕೂತು, ಕಣ್ಣುಮುಚ್ಚಿ ಕಬ್ಬಿಣದ ಸದ್ದು ಕೇಳುತ್ತಿದ್ದ. ಒಣಗಿದ ಮನುಷ್ಯ. ದನಿ ಮಾತ್ರ ನೆಲದಡಿಯ ಕಾಳಿನ ಹಗೇವಿನೊಳಗಿಂದ ಬಂದಂತೆ ತಂಪಾಗಿ, ಒರಟಾಗಿ ಬರುತ್ತಿತ್ತು. ಆಳುಗಳು ನಟ್ಟು ತಿರುವಲು ಅವಸರ ಮಾಡಿದರೆ, "ನಿಧಾನ್ರಿ. ಕಬ್ಬಿಣಕ್ಕ ಕಿವಿ ಅದ," ಎಂದು ಹೇಳಿ ಕೆಮ್ಮುತ್ತಿದ್ದ. ನಾಲ್ಕು ದಿನದಲ್ಲಿ ಅದನ್ನು ನೂರು ಸಲವಾದರೂ ಹೇಳಿರಬೇಕು. ಐದನೆಯ ದಿನ ಅವನು ಹೋದ. ದನಿ ನನ್ನ ಗಂಟಲಿನಲ್ಲಿ ಉಳಿಯಿತು.

ಮಿಮಿಕ್ರಿ ಮಾಡುವವನು ಕಳ್ಳನೇ, ನಾನೇನೂ ಇಲ್ಲವೆನ್ನುವುದಿಲ್ಲ. ಆದರೆ ನಾವು ಕದ್ದರೂ ವಸ್ತು ಒಡೆಯನ ಬಳಿಯೇ ಉಳಿಯುತ್ತದೆ ಎಂಬುದು ನಮ್ಮ ಧೈರ್ಯ. ಈ ಧೈರ್ಯದಲ್ಲಿ ಒಂದು ತೂತಿತ್ತು. ಅದು ನನಗೆ ಕಂಡದ್ದು ಹತ್ತು ವರ್ಷದ ಮೇಲೆ.

ತೊಟ್ಟಿಲು ನಡೆಸುವವರು ಮಸ್ತಾನ್ ಚಾಚಾ. ಶಹಾಬಾದಿನವರು. ಅವರ ಅಜ್ಜಂದಿರು ಕಲ್ಲಿಗೆ ಪಾಲಿಶ್ ಹಿಡಿದವರು, ಇವರು ಗಾಳಿಗೆ ಹಿಡಿದರು. ತೊಟ್ಟಿಲಿಗೆ ಮಂದಿ ಕೂಡಿಸುವುದೇ ಒಂದು ವಿದ್ಯೆ. ಒಂದು ಕಡೆ ಭಾರ ಹೆಚ್ಚಾದರೆ ತೊಟ್ಟಿಲು ಮುನಿಸಿಕೊಳ್ಳುತ್ತದೆ. ಹಾಗಾಗಿ ಎದುರು ಬದುರು ಡಬ್ಬಿಗಳಲ್ಲಿ ಸಮ ತೂಕ ಇರಬೇಕು. ಚಾಚಾ ಸಾಲಿನಲ್ಲಿ ನಿಂತವರ ಮುಖ ನೋಡುತ್ತಿರಲಿಲ್ಲ, ಅವರ ಚಪ್ಪಲಿ ನೋಡುತ್ತಿದ್ದರು. ಹಿಮ್ಮಡಿ ಎಷ್ಟು ಸವೆದಿದೆ ಎಂಬುದರ ಮೇಲೆ ತೂಕ ಹೇಳುತ್ತಿದ್ದರು. ಅವರು ನನಗೆ ಬೆರಳು ತೋರಿಸಬೇಕು, ನಾನು ಮೈಕಿನಲ್ಲಿ ಕರೆಯಬೇಕು. ಕರೆಯುವುದು ಸುಲಭವಲ್ಲ. "ದಪ್ಪನವರು ಮುಂದೆ ಬನ್ನಿ" ಎಂದರೆ ಮನೆಗೆ ಕಲ್ಲು ಬೀಳುತ್ತದೆ. ನಾನು ಹೇಳುತ್ತಿದ್ದದ್ದು: "ಕೆಂಪು ಸೀರಿ ಅಕ್ಕಾರ, ಮುಂದ ಬರ್ರಿ. ಮ್ಯಾಲ ಗಾಳಿ ಭಾಳ ಅದ. ಸಣ್ಣ ಜೀವ ಹಾರಿಹೋಗ್ತಾವ. ನಿಮ್ಮಂಥ ಧೈರ್ಯದವರು ಬೇಕಾಗ್ಯಾರ."

ಅಕ್ಕ ನಗುತ್ತ ಬಂದು ಕೂತರು. ನಾನೂ ಆಗ ತೊಂಬತ್ತು ಕಿಲೊ ಇದ್ದೆ. ಸಾಲಿನಲ್ಲಿ ಮಂದಿ ಸಾಲದಿದ್ದಾಗ ಚಾಚಾ ನನ್ನತ್ತಲೇ ಬೆರಳು ತೋರಿಸುತ್ತಿದ್ದರು. ಬಾಯಿ ಮಾತಿನವನಾಗಿ ಸೇರಿದವನು ಎಷ್ಟೋ ಸಲ ಬರೀ ಕಲ್ಲಿನ ಚೀಲವಾಗಿ ದುಡಿದಿದ್ದೇನೆ.

ಇನ್ನು ನನ್ನ ತಪ್ಪುಗಳು. ದೊಡ್ಡದೊಂದನ್ನು ಮಾತ್ರ ಹೇಳುತ್ತೇನೆ, ಉಳಿದವನ್ನು ಹೇಳಲು ಬಸಲಿಂಗಪ್ಪ ಇನ್ನೂ ಬದುಕಿದ್ದಾರೆ. ಒಂದು ರವಿವಾರ ಮಂದಿ ತುಂಬಿ ತುಳುಕುತ್ತಿತ್ತು. ಆಟದ ರೈಲು ಹೊರಡುವಾಗ ತಮಾಷೆಗೆಂದು ವಾಡಿ ಜಂಕ್ಷನ್ನಿನ ಹೆಂಗಸಿನ ದನಿ ತೆಗೆದೆ. ಮೊದಲು ಆ ಟಿಂಗ್ ಟಿಂಗ್ ಸದ್ದು, ಆಮೇಲೆ ಗಾಡಿಯ ಸಂಖ್ಯೆ, ಪ್ಲಾಟ್‌ಫಾರ್ಮು. ಇಲ್ಲಿಯ ಮಂದಿಯ ಕಿವಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹುಟ್ಟಿದಾಗಿನಿಂದ ಅವರು ಆ ದನಿಗೆ ಓಡಿದವರು. ಅರ್ಧ ಪಾರ್ಕು ಚೀಲ, ಮಕ್ಕಳು, ಬುತ್ತಿ ಹಿಡಿದು ಗೇಟಿನತ್ತ ಓಡಿತು. ಒಬ್ಬ ಹಿರಿಯರು ಗೇಟಿನಾಚೆ ನಿಂತು, ಏದುಸಿರು ಬಿಡುತ್ತ ಹಳಿ ಹುಡುಕುತ್ತಿದ್ದರು. ತಿರುಗಿ ಬಂದು ನನ್ನನ್ನು ದಿಟ್ಟಿಸಿ ನೋಡಿ, "ಮಗನಾ, ಗಾಡಿ ಬಿಟ್ಟಾಗೂ ಇಷ್ಟು ಸಿಟ್ಟು ಬಂದಿಲ್ಲ ನನಗ," ಎಂದರು. ಬಸಲಿಂಗಪ್ಪ ಒಂದು ವಾರ ನನ್ನ ಕೈಯಿಂದ ಮೈಕು ಕಿತ್ತುಕೊಂಡು ದೋಣಿ ಒರೆಸಲು ಹಚ್ಚಿದರು.

ಸಾವ್ಕಾರ ಹುಟ್ಟಿದ್ದು ಮೊದಲ ವರ್ಷವೇ, ಕರೆಂಟು ಹೋದ ಒಂದು ಮಧ್ಯಾಹ್ನ. ತೊಟ್ಟಿಲು ನಿಂತಿತು, ಮೇಲಿನ ಡಬ್ಬಿಗಳಲ್ಲಿ ಮಂದಿ. ಜನರೇಟರ್ ಕೆಟ್ಟಿತ್ತು. ಚಾಚಾ ಕೈಯಿಂದಲೇ ಚಕ್ರ ಎಳೆದು ಒಂದೊಂದೇ ಡಬ್ಬಿ ಇಳಿಸತೊಡಗಿದರು. ಕೆಳಗಿನವರಿಗೆ ತಾಳ್ಮೆ ಎಲ್ಲಿಯದು. "ಮಾಲಕನ್ನ ಕರೀರಿ, ಮಾಲಕ ಯಾಂವ ಅವ" ಎಂದು ಗದ್ದಲ ಎಬ್ಬಿಸಿದರು. ಬಸಲಿಂಗಪ್ಪ ಬೆವರು ಒರೆಸಿ, ವಿಭೂತಿಯನ್ನೂ ಅದರ ಜೊತೆಗೇ ಒರೆಸಿಕೊಂಡು ನನ್ನ ಮೈಕಿನ ಗೂಡಿನೊಳಗೆ ನುಗ್ಗಿದರು.

"ಶರಣಾ, ಮಾಲಕ ಆಗು."

"ಯಾವ ಮಾಲಕ್ರೀ?"

"ಯಾವನರೆ ಆಗು. ಲಗೂ ಆಗು."

ಗಂಟಲಿನಲ್ಲಿ ಸಿದ್ಧವಾಗಿ ಕೂತಿದ್ದದ್ದು ಒಂದೇ ದನಿ. ಬ್ಯಾಟರಿಯ ಮೇಲೆ ನಡೆಯುವ ಭೋಂಗಾದಿಂದ, ಅಂದರೆ ಕಂಬದ ಲೌಡ್‌ಸ್ಪೀಕರಿನಿಂದ, ಅದು ಖಣಿಯ ನೀರಿನ ಮೇಲೆ ಹಾಯ್ದು, ಕಲ್ಲಿನ ಗೋಡೆಗೆ ಬಡಿದು ತಿರುಗಿ ಬಂತು. "ಹ್ಞಾಂ. ಯಾರೂ ಗಾಬರಿ ಆಗಬ್ಯಾಡ್ರಿ. ತೊಟ್ಟಿಲ ನಂದು ಅದ, ನೀವೂ ನನ್ನವರೇ. ನಿಧಾನ್ರಿ. ಕಬ್ಬಿಣಕ್ಕ ಕಿವಿ ಅದ." ಆಮೇಲೆ ಒಂದು ಕೆಮ್ಮು.

ಗದ್ದಲ ನಿಂತಿತು. ಮೇಲೆ ಅಳುತ್ತಿದ್ದ ಕೂಸು ಕೂಡ ನಿಲ್ಲಿಸಿತು. ಆ ನಿಶ್ಶಬ್ದದಲ್ಲಿ ಚಾಚಾ ಎಳೆಯುತ್ತಿದ್ದ ಚಕ್ರದ ಕಿರಕಿರ ಮಾತ್ರ ಕೇಳುತ್ತಿತ್ತು. ಹನ್ನೆರಡೂ ಡಬ್ಬಿ ಇಳಿದವು. ಇಳಿದವರು ಮನೆಗೆ ಹೋಗಲಿಲ್ಲ. "ಸಾವ್ಕಾರ್ರು ಎಲ್ಲಿ ಕುಂತಾರ? ಒಂದು ಶರಣು ಮಾಡಿ ಹೋಗ್ತೀವಿ," ಎಂದು ನಿಂತರು. "ಅವರು ಮಂದಿಗೆ ಕಾಣಂಗಿಲ್ರಿ," ಎಂದು ಬಸಲಿಂಗಪ್ಪ ಕೈಮುಗಿದರು. ಅಂದಿನಿಂದ ಸಾವ್ಕಾರ ನಮ್ಮ ಪಾರ್ಕಿನಲ್ಲಿ ನೆಲೆನಿಂತ. ದಿನಕ್ಕೆ ಎರಡು ಸಲ, ತೊಟ್ಟಿಲು ಶುರುವಾಗುವಾಗ ಮತ್ತು ನಿಲ್ಲುವಾಗ, ಮಾತಾಡುತ್ತಿದ್ದ. ಆ ದನಿ ಯಾರದೆಂದು ಬಸಲಿಂಗಪ್ಪನಿಗೂ ನಾನು ಹೇಳಿರಲಿಲ್ಲ. ಚಾಚಾ ಗುರುತು ಹಿಡಿದಿರಬೇಕು. ಮೊದಲ ದಿನ ತಿರುಗಿ ನನ್ನತ್ತ ನೋಡಿ, ಮತ್ತೆ ಚಕ್ರಕ್ಕೆ ಕೈ ಹಚ್ಚಿದರು.

ಅಭಿಮಾನಿಗಳ ವಿಷಯ ಹೇಳದಿದ್ದರೆ ಹುಡುಗಿಯರೇ, ನೀವು ಮೊದಲ ತಿಂಗಳೇ ಓಡಿಹೋಗುತ್ತೀರಿ. ನಮ್ಮ ತೊಟ್ಟಿಲಿಗೊಂದು ಅಭಿಮಾನಿ ಬಳಗ ಇತ್ತು. ಅಧ್ಯಕ್ಷರು ಚಿತ್ತಾಪುರದ ಕಲಾವತಿ ಟೀಚರ್, ಹೊಲಿಗೆ ಕಲಿಸುವವರು. ರವಿವಾರ ಪ್ಯಾಸೆಂಜರ್ ಹಿಡಿದು, ವಾಡಿಯಲ್ಲಿ ಗಾಡಿ ಬದಲಿಸಿ ಬರುತ್ತಿದ್ದರು. ಅವರದು ಏಳನೆಯ ಡಬ್ಬಿ. ಅದು ತುದಿಗೆ ಹೋದಾಗ ಒಂದು ಸಣ್ಣ ರಾಗ ತೆಗೆಯುತ್ತಿತ್ತು, ಯಾರೋ ಅಡಿಗೆಮನೆಯಲ್ಲಿ ತಮ್ಮಷ್ಟಕ್ಕೆ ಗುನುಗಿದಂತೆ. ಒಮ್ಮೆ ಚಾಚಾ ಅದಕ್ಕೆ ಗ್ರೀಸ್ ಹಚ್ಚಿದರು. ಆ ರವಿವಾರ ಟೀಚರ್ ಇಳಿದವರೇ ನನ್ನ ಗೂಡಿಗೆ ಬಂದರು.

"ಏಳನೇ ಡಬ್ಬಿ ಮೂಕ ಆಗ್ಯದ."

"ಗ್ರೀಸ್ ಹಚ್ಚೀವ್ರಿ ಟೀಚರ್. ಒಳ್ಳೇದಕ್ಕ."

"ಯಾರನ್ನ ಕೇಳಿ ಹಚ್ಚಿದ್ರಿ?"

"ಗ್ರೀಸ್ ಹಚ್ಚಲಿಕ್ಕ ಯಾರನ್ನ ಕೇಳಬೇಕ್ರಿ?"

"ನಮ್ಮನ್ನ ಕೇಳಬೇಕು. ಸಾವ್ಕಾರ್ರಿಗೆ ಹೇಳು, ಬಳಗದ ಮಂದಿ ಭಾಳ ನೊಂದಾರ ಅಂತ."

ಸಾವ್ಕಾರ ಮೈಕಿನಲ್ಲಿ ಕ್ಷಮೆ ಕೇಳಿದ. ಚಾಚಾ ಗೊಣಗುತ್ತ ಅಪಾಯವಿಲ್ಲದ ಒಂದು ಕೊಂಡಿಯಿಂದ ಗ್ರೀಸ್ ಒರೆಸಿದರು. ಡಬ್ಬಿ ಮತ್ತೆ ಹಾಡಿತು. ನಲವತ್ತು ಮಂದಿ ಚಪ್ಪಾಳೆ ಹೊಡೆದರು. ಅಭಿಮಾನಿಗೆ ಪಾರ್ಕು ತನ್ನದೇ ಎನಿಸುತ್ತದೆ, ಮಾಲಕನಿಗೆ ಅದು ಯಾರದೋ ಎನಿಸುತ್ತದೆ. ಕೆಲಸದವರು ಇವೆರಡರ ನಡುವೆ ಗ್ರೀಸ್ ಡಬ್ಬಿ ಹಿಡಿದು ನಿಂತಿರಬೇಕು. ಬಳಗದವರು ಟೀ ಶರ್ಟು ಹೊಲಿಸಿದರು. ಬೆನ್ನ ಮೇಲೆ "ಕಬ್ಬಿಣಕ್ಕ ಕಿವಿ ಅದ." ಟೀಚರೇ ಅಳತೆ ತೆಗೆದದ್ದು. ನನ್ನ ಅಳತೆ ತೆಗೆಯುವಾಗ ಟೇಪು ಸಾಲಲಿಲ್ಲ. ಅದನ್ನವರು ಬಳಗದ ಸಭೆಯಲ್ಲಿ ಓದಿ ಹೇಳಿದರು.

ಹೋದ ವರ್ಷ ದೊಡ್ಡ ಊರಿನ ಕಂಪನಿಯೊಂದು ಬಂತು. ಮಾತಿಲ್ಲದ ಅಣ್ಣತಮ್ಮರು ಬೇರೆ ಬೇರೆ ಬಾಗಿಲಿನಿಂದ ಬಂದು ಒಂದೇ ಕಾಗದಕ್ಕೆ ಸಹಿ ಹಾಕಿ ಖಣಿಯನ್ನು ಲೀಸಿಗೆ ಕೊಟ್ಟರು. ರೈಲೂ ದೋಣಿಗಳೂ ಕಂಪನಿಗೆ ಮಾರಾಟವಾದವು. ರಟ್ಟಿನ ಟಿಕೀಟು ಹೋಗಿ ಕೈಗೆ ಕಾಗದದ ಪಟ್ಟಿ ಬಂತು. ರೈಲಿಗೂ ದೋಣಿಗೂ ರೆಕಾರ್ಡು ಮಾಡಿದ ದನಿ ಬಂತು, ಎಲ್ಲ ಊರಿಗೂ ಒಂದೇ ದನಿ. ಅದಕ್ಕೆ ನೆಗಡಿ ಆಗುವುದಿಲ್ಲ, ಅದು ಊಟಕ್ಕೆ ಹೋಗುವುದಿಲ್ಲ. ಅದನ್ನು ಅಣಕಿಸಲು ಹೋಗಿ ಸೋತೆ. ಹಿಡಿಯಲು ಅದರಲ್ಲಿ ಒಂದು ಹಿಡಿಕೆಯೂ ಇರಲಿಲ್ಲ.

ಉಳಿದದ್ದು ತೊಟ್ಟಿಲು ಒಂದೇ. ನರಸಿಮ್ಲು ಹಿಂದೆ ಅಣ್ಣತಮ್ಮರಿಂದ ಒಂದು ಬಾಂಡ್ ಬರೆಸಿಕೊಂಡಿದ್ದ: ತೊಟ್ಟಿಲು ನಿಂತಿರುವವರೆಗೆ ಆ ಕಟ್ಟೆಯನ್ನು ಯಾರೂ ಬಿಡಿಸಿಕೊಳ್ಳುವಂತಿಲ್ಲ. ಹಾಗಾಗಿ ಕಂಪನಿ ತೊಟ್ಟಿಲನ್ನು ಕೊಳ್ಳಬೇಕಿತ್ತು. ಕೊಂಡು, ಕತ್ತರಿಸಿ, ಗುಜರಿಗೆ ಹಾಕಿ, ಅದೇ ಜಾಗದಲ್ಲಿ ದೀಪದ ಹೊಸ ತೊಟ್ಟಿಲು ನಿಲ್ಲಿಸಬೇಕಿತ್ತು. ವರ್ಷಕ್ಕೊಮ್ಮೆ ಗಳಿಕೆಯ ಪಾಲಿಗೆ ಬರುತ್ತಿದ್ದ ನರಸಿಮ್ಲುವಿನ ಅಳಿಯ, "ಅತ್ತಿ ಬಂದು ಸಹಿ ಹಾಕ್ತಾಳ," ಎಂದು ಹೇಳಿ ಹೋದ. ಅತ್ತಿ ಯಾಕೆ, ಮಾವ ಯಾಕಲ್ಲ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆ ವಾರ ಚಾಚಾ ತೊಟ್ಟಿಲಿನ ಒಂದೊಂದೇ ಡಬ್ಬಿ ಒರೆಸುತ್ತಿದ್ದರು, ಮದುವೆಯ ಕೂಸನ್ನು ಕಳಿಸುವ ಮನೆಯವರ ಹಾಗೆ. "ಚಾಚಾ, ನೀವೇನು ಮಾಡ್ತೀರಿ ಮುಂದ?" ಎಂದೆ. "ಬೇಟಾ, ನನಗ ಇದೊಂದರ ಭಾಷಾ ಬರ್ತದ," ಎಂದರು. ಹೊಸ ತೊಟ್ಟಿಲಿಗೆ ಬಟನ್ ಒತ್ತುವವರು ಸಾಕು, ಕೇಳುವವರು ಬೇಡ.

ಕಂಪನಿಯ ಅಧಿಕಾರಿ ನನ್ನನ್ನು ಕರೆಸಿದ. ನನಗಿಂತ ಚಿಕ್ಕವನು, ದಕ್ಷಿಣದ ಕಡೆಯ ಕನ್ನಡ. "ನೋಡಿ ಶರಣು, ನಮಗೆ ಆ ತೊಟ್ಟಿಲು ಬೇಡ. ಆದ್ರೆ ಆ ಸಾಹುಕಾರನ ವಾಯ್ಸ್ ಬೇಕು. ಜನಕ್ಕೆ ಅದು ಅಂದ್ರೆ ಇಷ್ಟ ಅಲ್ವಾ. ನೀವು ಒಂದು ದಿನ ರೆಕಾರ್ಡ್ ಮಾಡಿ ಹಕ್ಕು ಬರ್ಕೊಟ್ಟುಬಿಡಿ. ನಮ್ಮ ಹನ್ನೊಂದು ಪಾರ್ಕಲ್ಲೂ ಹಾಕ್ತೀವಿ."

ನನಗೆ ರೆಕ್ಕೆ ಬಂದವು. ಹನ್ನೊಂದು ಊರಿನಲ್ಲಿ ನನ್ನ ಕೆಮ್ಮು. ಆ ಮಧ್ಯಾಹ್ನ ಕನ್ನಡಿಯ ಮುಂದೆ ನಿಂತು ಸಹಿ ಅಭ್ಯಾಸ ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಚಾಚಾನ ತೊಟ್ಟಿಲು ಗುಜರಿಗೆ ಹೋಗುವ ದಿನವೇ ನನ್ನ ದನಿ ಮೆರವಣಿಗೆ ಹೊರಡುತ್ತದೆ ಎಂಬುದು ಹೊಳೆದಿತ್ತು. ಹೊಳೆದದ್ದನ್ನು ಕನ್ನಡಿಯಿಂದ ಒರೆಸಿ ಹಾಕಿದೆ.

ಅವರು ಬಂದದ್ದು ರವಿವಾರ. ಅಂಜಮ್ಮ, ನರಸಿಮ್ಲುವಿನ ಹೆಂಡತಿ. ಅರವತ್ತರ ಮೇಲಿನ ವಯಸ್ಸು, ಕಚ್ಚೆ ಬಿಗಿದ ಸೀರೆ, ಕೈಯಲ್ಲೊಂದು ಗಂಟು. ತೊಟ್ಟಿಲು ತುಕ್ಕು ಹಿಡಿದು ಮೂಲೆಯಲ್ಲಿ ನಿಂತಿದೆ ಎಂದು ಅಳಿಯ ಅವರಿಗೆ ಹೇಳಿದ್ದನಂತೆ. ಸಹಿ ಹಾಕುವ ಮುನ್ನ ಒಂದು ಸಲ ಕಣ್ಣಿಂದ ನೋಡುತ್ತೇನೆಂದು ಹಟ ಹಿಡಿದು ಬಂದಿದ್ದರು. ಜೋಡಿಸಿ ಎಬ್ಬಿಸಿದ ತೊಟ್ಟಿಲನ್ನು ಅವರು ಎಂದೂ ನೋಡಿರಲಿಲ್ಲ. ತಮ್ಮ ಅಂಗಳದಲ್ಲಿ ಬಿಚ್ಚಿ ಬಿದ್ದ ಕಬ್ಬಿಣವನ್ನಷ್ಟೇ ಕಂಡವರು.

ನನಗೆ ಇದೊಂದೂ ಗೊತ್ತಿಲ್ಲ. ಗೂಡಿನಲ್ಲಿ ಕೂತಿದ್ದೇನೆ. ಚಾಚಾ ಬೆರಳು ಎತ್ತಿದರು. ನಾನು ಮೈಕು ಹಿಡಿದು ಎಂದಿನಂತೆ ಸಾವ್ಕಾರನಾದೆ.

"ಹ್ಞಾಂ. ಕುಂದ್ರಿ, ಎಲ್ಲಾರೂ ಕುಂದ್ರಿ. ನಿಧಾನ್ರಿ. ಕಬ್ಬಿಣಕ್ಕ ಕಿವಿ ಅದ."

ಕೆಮ್ಮಿದೆ. ಕಿಟಕಿಯಿಂದ ನೋಡಿದರೆ ತೊಟ್ಟಿಲಿನ ಬುಡದಲ್ಲಿ ಒಬ್ಬ ಹೆಂಗಸು ಭೋಂಗಾದತ್ತ ಮುಖ ಎತ್ತಿ ನಿಂತಿದ್ದರು. ಗಂಟು ಕೆಳಗೆ ಬಿದ್ದಿತ್ತು. ತೊಟ್ಟಿಲು ಮೇಲೆ ಹೋಯಿತು, ನೀರಿನೊಳಗಿನದು ಕೆಳಗೆ ಹೋಯಿತು. ಅವರು ಮಾತ್ರ ಎರಡರ ನಡುವೆ ಅಲುಗದೆ ನಿಂತಿದ್ದರು. ಏಳನೆಯ ಡಬ್ಬಿ ತುದಿಯಲ್ಲಿ ಹಾಡಿತು. ಸೆರಗಿನ ತುದಿ ಬಾಯಿಗಿಟ್ಟು ಅವರು ತಂತಿಯ ಜಾಡು ಹಿಡಿದು, ಭೋಂಗಾದಿಂದ ಕಂಬಕ್ಕೆ, ಕಂಬದಿಂದ ಗೋಡೆಗೆ, ನನ್ನ ಗೂಡಿನವರೆಗೆ ನಡೆದು ಬಂದರು. ಬಾಗಿಲಲ್ಲಿ ನಿಂತು ಒಳಗೆಲ್ಲ ನೋಡಿದರು. ನನ್ನ ಹಿಂದೆಯೂ ನೋಡಿದರು.

"ಈಗ ಮಾತಾಡಿದವ್ರು ಎಲ್ಲಿ?"

"ನಾನೇ ರಿ ಅಮ್ಮಾ."

"ನೀ ಅಲ್ಲ."

ನನಗೆ ಇನ್ನೂ ತಮಾಷೆಯೇ. ಅವರಿಗಾಗಿ ಇನ್ನೊಮ್ಮೆ ಆ ದನಿ ತೆಗೆದು, "ಬರ್ರಿ, ಕುಂದ್ರಿ," ಎಂದೆ. ಅವರು ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೆಳಗೆ ಕೂತುಬಿಟ್ಟರು.

ಚಾಚಾ ತೊಟ್ಟಿಲು ನಿಲ್ಲಿಸಿ ಓಡಿ ಬಂದರು. ಹಿಂದೆ ಕಲಾವತಿ ಟೀಚರ್. ಟೀಚರ್ ಅವರ ಹೆಗಲು ಹಿಡಿದು ನೀರು ಕುಡಿಸಿದರು. "ಎಂಟು ವರ್ಷ ಆಯ್ತು ಅಂವ ಹೋಗಿ," ಎಂದರು ಅಂಜಮ್ಮ, ಟೀಚರಿಗೆ. ಆಮೇಲೆ ನನ್ನತ್ತ ತಿರುಗಿ, "ಎಂಟು ವರ್ಷ ನೀ ಎಲ್ಲಿ ಇಟ್ಟಿದ್ದಿ ಅಂವನ್ನ?" ಎಂದರು.

ನಾನು ಕದ್ದ ವಸ್ತು ಒಡೆಯನ ಬಳಿ ಉಳಿದೇ ಇರಲಿಲ್ಲ. ಇಡೀ ಲೋಕದಲ್ಲಿ ಅದು ಇದ್ದದ್ದು ನನ್ನೊಬ್ಬನ ಗಂಟಲಿನಲ್ಲಿ.

ಅಧಿಕಾರಿ ಕಾಗದ ಹಿಡಿದು ಬಂದ. "ಅಮ್ಮ, ಇಲ್ಲೊಂದು ಸೈನು." ಅಂಜಮ್ಮ ಕಾಗದ ನೋಡಲಿಲ್ಲ. ಗಂಟು ಎತ್ತಿಕೊಂಡರು. "ಎಂಟು ದಿನ ತಡೀರಿ. ಈ ಹುಡುಗ ನಮ್ಮೂರಿಗೆ ಬರಲಿ. ಆಮೇಲೆ ಹೇಳ್ತೀನಿ," ಎಂದು ನನಗೆ ಬೆರಳು ತೋರಿಸಿ ಹೊರಟರು.

ಅವರು ಹೋದ ಮೇಲೆ ನಾನು ಟೀಚರ ಮುಂದೆ ತಲೆ ತಗ್ಗಿಸಿ ನಿಂತೆ. "ಟೀಚರ್, ಸಾವ್ಕಾರ ಅಂಬಾಂವ ಯಾರೂ ಇಲ್ರಿ. ನಾನೇ ಮಾತಾಡ್ತಿದ್ದೆ."

"ಗೊತ್ತದಪ್ಪಾ."

"ಯಾವಾಗಿಂದ್ರಿ?"

"ನಿನಗ ನೆಗಡಿ ಆದಾಗೆಲ್ಲಾ ಸಾವ್ಕಾರಗೂ ನೆಗಡಿ ಆಗ್ತಿತ್ತು. ನಾವೇನು ಹುಚ್ಚರಾ?" ಅವರು ಟೀ ಶರ್ಟಿನ ತೋಳು ಸರಿಮಾಡಿಕೊಂಡರು. "ಆದ್ರ ದನಿ ಒಬ್ಬ ಖರೇ ಮನುಷ್ಯಾಂದು ಅಂತ ಇವತ್ತ ಗೊತ್ತಾಯ್ತು."

ಮರುದಿನ ಬಳಗದವರು ಗೇಟಿಗೆ ಫ್ಲೆಕ್ಸ್ ಕಟ್ಟಿದರು. ಶ್ರದ್ಧಾಂಜಲಿ, ಎಂಟು ವರ್ಷ ತಡವಾಗಿ. ನರಸಿಮ್ಲುವಿನ ಫೋಟೊ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ನಡುವೆ ತೊಟ್ಟಿಲಿನ ಫೋಟೊ ಹಾಕಿ, ಅದಕ್ಕೇ ಹಾರ ಬಿಡಿಸಿದ್ದರು. ಸುತ್ತ ಬಳಗದ ನಲವತ್ತು ಮುಖಗಳು. ಚಾಚಾ ಅದರ ಮುಂದೆ ನಿಂತು ಫಾತಿಹಾ ಓದಿದರು, ಬಸಲಿಂಗಪ್ಪ ವಿಭೂತಿ ಹಚ್ಚಿದರು. ಕಾಣದ ಮಾಲಕನಿಗೆ ಹನ್ನೊಂದು ವರ್ಷ ಕೈಮುಗಿದವರು, ಈಗ ಗುರುತಿದ್ದ ಮಾಲಕನಿಗೆ ಮುಗಿದರು.

ನಾನು ಚಿಂಚೋಳಿಗೆ ಒಂದು ಬಸ್ಸು, ಅಲ್ಲಿಂದ ಕಾಡಿನೊಳಗೆ ಇನ್ನೊಂದು ಬಸ್ಸು ಹಿಡಿದು ಕುಂಚಾವರಂಗೆ ಹೋದೆ. ಹೊರಡುವಾಗ ಚಾಚಾ ನನ್ನ ಚಪ್ಪಲಿ ನೋಡಿ, "ಇವತ್ತ ಭಾರ ಜಾಸ್ತಿ ಅದ," ಎಂದರು. ಅವರ ತೊಟ್ಟಿಲು ಗುಜರಿಗೋ, ಕಟ್ಟೆಯ ಮೇಲೆಯೋ ಎಂಬುದು ನನ್ನ ಗಂಟಲಿನ ಮೇಲೆ ಕೂತಿತ್ತು.

ಮನೆಗಳು ಅಲ್ಲೊಂದು ಇಲ್ಲೊಂದು. ನಡುವೆ ಮರಗಳು, ಮರಗಳ ನಡುವೆ ಬಿಸಿಲಿನ ಕೋಲು. ಅಂಜಮ್ಮನ ಅಂಗಳದಲ್ಲಿ ಹೆಚ್ಚುವರಿ ಡಬ್ಬಿ ಒಂದಿತ್ತು, ತೊಟ್ಟಿಲಿನ ಹದಿಮೂರನೆಯದು. ಹಳೆಯ ನೀಲಿ ಬಣ್ಣ. ಅವರು ಅದರಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ದಿನಾ ಅಲ್ಲೇ ಕೂತು ಸೋಸುವರಂತೆ. ಎದುರಿನ ಹಲಗೆ ತೋರಿಸಿ, "ಕುಂದ್ರು," ಎಂದರು. ಕೂತೆ. ತೊಟ್ಟಿಲಿನಲ್ಲಿ ಕೂತಂತೆಯೇ ಎದುರು ಬದುರು, ಮೊಣಕಾಲಿಗೆ ಮೊಣಕಾಲು. ಡಬ್ಬಿ ನೆಲದ ಮೇಲೇ ಇತ್ತು. ಆದರೂ ಗಾಳಿಗೆ ಎಲೆ ಆಡಿದಾಗ ಕಾಡೇ ನಿಧಾನವಾಗಿ ತಿರುಗಿ ನಾವು ಮೇಲೇರುತ್ತಿದ್ದೇವೆ ಎನಿಸಿತು.

"ಹೂಂ. ಮಾತಾಡು."

ಮಾತಾಡಿದೆ. ಅವರು ಸೊಪ್ಪಿನಿಂದ ತಲೆ ಎತ್ತದೆ, "ಅಲ್ಲ. ಕೆಮ್ಮು ಕಡೀಗಲ್ಲ, ನಡುವ," ಎಂದರು.

"ನಿಧಾನ್ರಿ," ಕೆಮ್ಮಿದೆ, "ಕಬ್ಬಿಣಕ್ಕ ಕಿವಿ ಅದ."

"ಇಷ್ಟು ಗತ್ತು ಇರಲಿಲ್ಲ ಅಂವಗ. ಇದು ನಿಂದು. ತೆಗೀ."

ಗತ್ತು ತೆಗೆದೆ. ಅವರು ಇನ್ನೂ ಕೆಳಗೆ ಎಂದರು, ದನಿ ಇಳಿಸಿದೆ. ಮೂಗಿನಿಂದ ಬರುತ್ತಿದೆ ಎಂದರು, ಎದೆಗೆ ತಂದೆ. ಹನ್ನೊಂದು ವರ್ಷ ಸಾವಿರಾರು ಮಂದಿಯ ಚಪ್ಪಾಳೆ ಗಿಟ್ಟಿಸಿದ ದನಿಯಲ್ಲಿ ಅರ್ಧಕ್ಕರ್ಧ ನನ್ನದೇ ಕಲಬೆರಕೆ ಇತ್ತು. ಅದನ್ನವರು ಸೊಪ್ಪಿನ ಕಡ್ಡಿಯಂತೆ ಒಂದೊಂದಾಗಿ ಕಿತ್ತು ಹೊರಗೆ ಹಾಕಿದರು. ಬಿಸಿಲು ಡಬ್ಬಿಯ ಈ ಅಂಚಿನಿಂದ ಆ ಅಂಚಿಗೆ ಹೋಯಿತು.

"ಬಾಬು, ಒಂದು ಹೇಳ್ತೀನಿ," ಎಂದರು ಕಡೆಗೆ. "ಅಂವ ನಿಧಾನ ಅಂಬೋದು ಮಂದಿಗಲ್ಲ. ಅಂವಗ ಮ್ಯಾಲ ಹತ್ತಲಿಕ್ಕ ಅಂಜಿಕಿ ಇತ್ತು. ತನಗ ತಾನೇ ಹೇಳ್ಕೋತಿದ್ದ."

ಆಗ ನನಗೆ ಆ ಬೋರಲು ಬಕೀಟು, ಆ ಮುಚ್ಚಿದ ಕಣ್ಣು ನೆನಪಾದವು. ನಾಲ್ಕು ದಿನದಲ್ಲಿ ಅವನು ಒಂದು ಸಲವೂ ತೊಟ್ಟಿಲು ಹತ್ತಿರಲಿಲ್ಲ. ನಾನು ಕಣ್ಣು ಮುಚ್ಚಿದೆ. ಯಾರಿಗೂ ಹೇಳದೆ, ನನಗೇ ಹೇಳಿಕೊಂಡೆ. ಎರಡೇ ಮಾತು, ನಡುವೆ ಒಂದು ಸಣ್ಣ ಕೆಮ್ಮು.

ಕಣ್ಣು ತೆರೆದಾಗ ಅವರ ಕೈಯಲ್ಲಿ ಸೊಪ್ಪು ನಿಂತಿತ್ತು. ಆಮೇಲೆ ಮಡಿಲು ಕೊಡವಿ ಎದ್ದರು.

"ಸಾಕು. ತೊಟ್ಟಿಲ ಮಾರಂಗಿಲ್ಲ. ಅಲ್ಲೇ ತಿರುಗಲಿ. ಆ ಸಾಬರ ಕೈಯಾಗ ಛಲೋ ಅದ. ಆದ್ರ ಈ ದನಿ ಇನ್ನ ಭೋಂಗಾದಾಗ ಬ್ಯಾಡ. ಯಂತ್ರದಾಗೂ ಬ್ಯಾಡ. ಇದು ಮನಿ ದನಿ."

"ಆಯ್ತ್ರಿ ಅಮ್ಮಾ." ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಸಹಿ ಅಲ್ಲೇ ಒಣಗಿಹೋಯಿತು, ನನ್ನ ಕೆಲಸವೂ ಅಲ್ಲಿಗೇ ಮುಗಿಯಿತು. "ಅದಿಲ್ದ ನನಗ ಮೈಕಿನಾಗ ಏನು ಕೆಲಸ ಅದ?"

"ನಿನಗ ಒಂದು ದನಿ ಅಂತ ಇಲ್ಲೇನು?"

ಇಲ್ಲವೆಂದೇ ನಾನು ನಂಬಿದ್ದೆ. ಅವರು ಒಳಗೆ ಹೋಗಿ ತಾಟಿನಲ್ಲಿ ರೊಟ್ಟಿ, ಸೊಪ್ಪಿನ ಪಲ್ಯ ತಂದು ನನ್ನ ಮುಂದಿಟ್ಟು, ಮತ್ತೆ ಎದುರಿನ ಹಲಗೆಯಲ್ಲಿ ಕೂತರು. "ಉಣ್ಣು. ಮತ್ತ ಏನರೆ ಮಾತಾಡು. ಯಾರದೂ ಅಲ್ಲದ್ದು."

ಒಂದು ತುತ್ತು ತಿಂದೆ. ಬಸಲಿಂಗಪ್ಪ ನಾಲಿಗೆಯ ತುದಿಗೆ ಬಂದರು, ತಡೆದೆ. ವಾಡಿ ಜಂಕ್ಷನ್ನಿನ ಹೆಂಗಸು ಬಂದಳು, ತಡೆದೆ. ಸಾವ್ಕಾರ ಬರಲೇ ಇಲ್ಲ. ಎಲ್ಲರೂ ಹೋದ ಮೇಲೆ ಗಂಟಲಿನಲ್ಲಿ ಉಳಿದದ್ದು ತೆಳ್ಳಗಿನ, ಸ್ವಲ್ಪ ಕೀರಲಾದ ಒಂದು ದನಿ. ತೊಂಬತ್ತು ಕಿಲೊ ಮನುಷ್ಯನಿಗೆ ಒಪ್ಪುವಂಥದ್ದಲ್ಲ.

"ಪಲ್ಯಾದಾಗ ಉಪ್ಪು ಕಡಿಮಿ ಅದ್ರಿ," ಎಂದೆ.

ಅಂಜಮ್ಮ ಅಂದು ಮೊದಲ ಸಲ ನಕ್ಕರು. "ಇದನ್ನ ಅಂವನೂ ದಿನಾ ಅಂತಿದ್ದ," ಎಂದರು, ಉಪ್ಪಿನ ಬಟ್ಟಲು ನನ್ನತ್ತ ಸರಿಸುತ್ತ. "ಆದ್ರ ನಿನ್ನಂಗ ಅಂತಿರಲಿಲ್ಲ."